ಗ್ಯಾರೇಜಿನ ನೆಲಕ್ಕೆ ಎರಡನೇ ಲೇಪ

ಪಾಲಿಶ್ ಎಂಬುದು ಅವನ ನಿಜವಾದ ಹೆಸರಲ್ಲ. ನೆಲಗಳಿಗೆ ಲೇಪ ಹಾಕುವ ಕಸುಬು ಹಿಡಿದ ದಿನ ಅಣ್ಣ ತಮಾಷೆಗೆ ಹಾಗೆ ಕರೆದ, ಅದೇ ಉಳಿದುಬಿಟ್ಟಿತು. ಆ ಹೆಸರು ಅಂಟಿದಷ್ಟು ಗಟ್ಟಿಯಾಗಿ ಇವನು ಹಾಕಿದ ಯಾವ ಲೇಪವೂ ಅಂಟಿಲ್ಲ ಎಂದು ಅಣ್ಣ ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಆ ನಗು ನಿಂತು ಎಂಟು ತಿಂಗಳಾಗಿತ್ತು. ಅಣ್ಣನ ಕಾರ್ ಗ್ಯಾರೇಜಿನ ಕಾಂಕ್ರೀಟ್ ನೆಲಕ್ಕೆ ಪಾಲಿಶ್ ಕೈಯಾರೆ ಎಪಾಕ್ಸಿ ಎಂಬ ಗಾಜಿನಂಥ ಲೇಪ ಹಾಕಿಕೊಟ್ಟಿದ್ದ. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು, ಅಂಥ ಹೊಳಪು. ಹತ್ತನೇ ದಿನ ಅಣ್ಣ ಅದೇ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಲೇಪ ಹಸಿಯಿರುವಾಗಲೇ ಅದರ ಮೇಲೆ ಸಣ್ಣ ಮರಳು ಉದುರಿಸಿದ್ದರೆ ಕಾಲಿಗೆ ಹಿಡಿತ ಸಿಗುತ್ತಿತ್ತು. ಹೊಳಪು ಕೆಡುತ್ತದೆಂದು ಪಾಲಿಶ್ ಉದುರಿಸಿರಲಿಲ್ಲ. ಅತ್ತಿಗೆ ಆಸ್ಪತ್ರೆಯ ಬಾಗಿಲಲ್ಲೇ ತೀರ್ಪು ಕೊಟ್ಟಳು: "ನಿನ್ನ ಹೊಳಪಿಗೆ ನನ್ನ ಗಂಡನ ಸೊಂಟ ಬಲಿ ಕೊಟ್ಟೆ. ಇನ್ಮೇಲೆ ನಮ್ಮನೆ ಮೆಟ್ಲು ಹತ್ಬೇಡ."

ಪಾಲಿಶನ ಮಟ್ಟಿಗೆ ಅತ್ತಿಗೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂದಿನಿಂದ ಯಾವ ಕಾರ್ಖಾನೆಗೆ ಹೋಗಿ ಲೇಪ ಹಾಕಿದರೂ ಸರಿ, ಮುಗಿದ ಮೇಲೆ ಅಲ್ಲಿ ಯಾರಾದರೂ ಬೀಳುತ್ತಾರೇನೋ ಎಂದು ಅರ್ಧ ದಿನ ಕಾದು ನಿಂತು ನೋಡುವ ಚಾಳಿ ಅವನಿಗೆ ಹತ್ತಿಕೊಂಡಿತು.

ಈಗ ಡಾಕ್ಟರು ಅಣ್ಣನಿಗೆ ಕೆಲಸ ಮಾಡಬಹುದು ಎಂದಿದ್ದರು. ಇನ್ನೊಂದು ಸಲ ಬಿದ್ದರೆ ಮಾತ್ರ ಮತ್ತೆ ಎದ್ದು ನಡೆಯುವ ಆಸೆ ಬಿಡಬೇಕು ಎಂದೂ ಹೇಳಿದ್ದರು. ಅತ್ತಿಗೆ ಎರಡನೆಯ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡು ಗ್ಯಾರೇಜನ್ನು ಮಾರಿಬಿಡುವ ಮಾತೆತ್ತಿದಳು. ಮನೆಯಲ್ಲಿ ಕುಳಿತು ಕುಳಿತು ಕುಕ್ಕರಿನ ಹಿಡಿಯಿಂದ ಹಿಡಿದು ಫ್ಯಾನಿನ ರೆಕ್ಕೆಯವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿ ಮುಗಿಸಿದ್ದ ಅಣ್ಣ ಒಂದೇ ಮಾತು ಹೇಳಿದ: "ನೆಲ ಮತ್ತೆ ಮಾಡಿಸೋಣ. ಪಾಲಿಶ್ ಕೈಲೇ ಮಾಡಿಸ್ಬೇಕು. ಬೇರೆ ಯಾರಾದ್ರೂ ಮುಟ್ಟಿದ್ರೆ ನಾನು ಆ ಶಟರ್ ಒಳಗೆ ಕಾಲಿಡಲ್ಲ."

ಬೀಳಿಸಿದವನನ್ನೇ ಕರೆಸುವ ಈ ಹಟ ಯಾಕೆಂದು ಅತ್ತಿಗೆಗೆ ಅರ್ಥವಾಗಲಿಲ್ಲ. ಪಾಲಿಶನಿಗೂ ಆಗಲಿಲ್ಲ. ಆದರೂ ಅಣ್ಣನ ಫೋನು ಬಂದ ಮರುದಿನವೇ ಮೂರು ಮಾದರಿ ಹಲಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿ ಬಂದ.

ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಹಲಗೆಗಳನ್ನು ನೆಲದ ಮೇಲೆ ಜೋಡಿಸಿದ. ಅಣ್ಣ ಊರುಗೋಲು ಹಿಡಿದು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡ. ಅತ್ತಿಗೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇದು ಮಾಮೂಲಿ ನೆಲದ ಪೇಂಟು," ಎಂದ ಪಾಲಿಶ್. "ಓಡಿ ಬಂದ ಕಾರಿನ ಬಿಸಿ ಟೈರ್ ಇದರ ಮೇಲೆ ನಿಂತ್ರೆ ಚಕ್ಕೆ ಚಕ್ಕೆಯಾಗಿ ಕಿತ್ತು ಬರುತ್ತೆ."

"ಮತ್ಯಾಕೆ ಹೊತ್ಕೊಂಡು ಬಂದಿರೋದು?" ಎಂದು ಅತ್ತಿಗೆ ಹಲಗೆಯನ್ನು ಕೇಳಿದಳು. ಮೈದುನನ ಮುಖ ನೋಡಿ ಮಾತಾಡುವುದಿಲ್ಲವೆಂದು ತೀರ್ಮಾನಿಸಿದ್ದರಿಂದ ಅವಳಿಗೆ ಹಲಗೆಗಳ ಜೊತೆಗೇ ವ್ಯವಹಾರ.

"ಯಾವ್ದು ಬೇಡ ಅಂತ ಗೊತ್ತಾಗ್ಲಿ ಅಂತ. ಎರಡನೇದು ಹೋದ ಸಲ ಹಾಕಿದ್ದೇ. ಮೂರನೇದೂ ಎಪಾಕ್ಸಿನೇ, ಆದ್ರೆ ಮರಳು ಉದುರಿಸಿ, ಮೇಲೆ ಹೊಳಪಿಲ್ಲದ ಇನ್ನೊಂದು ಪದರ ಎಳೆದಿದೀನಿ. ನೋಡೋಕೆ ಅಷ್ಟು ಚೆನ್ನಾಗಿರಲ್ಲ."

ಅತ್ತಿಗೆ ಒಳಗೆ ಹೋಗಿ ಅಡುಗೆ ಎಣ್ಣೆಯ ಡಬ್ಬಿ ತಂದಳು. ಎರಡನೇ ಹಲಗೆಯ ಮೇಲೆ ಧಾರಾಳವಾಗಿ ಸುರಿದು, ಗೋಡೆ ಹಿಡಿದುಕೊಂಡು ಬರಿಗಾಲಿಟ್ಟಳು. ಕಾಲು ಸರ್ರನೆ ಹೋಯಿತು. ಮೂರನೆಯದಕ್ಕೂ ಅಷ್ಟೇ ಸುರಿದು ಕಾಲಿಟ್ಟು ಉಜ್ಜಿದಳು, ತಿರುಚಿದಳು, ಒಮ್ಮೆ ಕುಣಿದೂ ನೋಡಿದಳು. ಕಾಲು ಕದಲಲಿಲ್ಲ.

"ಇದು," ಎಂದಳು, ಹಲಗೆಗೆ. ಕಂಪನಿಗಳ ದೊಡ್ಡ ದೊಡ್ಡ ಇಂಜಿನಿಯರುಗಳು ಇಷ್ಟು ಚೊಕ್ಕವಾಗಿ ಲೇಪ ಆರಿಸಿದ್ದನ್ನು ಪಾಲಿಶ್ ನೋಡಿರಲಿಲ್ಲ. ಹೊಗಳಬೇಕೆನಿಸಿತು, ಧೈರ್ಯ ಸಾಲಲಿಲ್ಲ.

ಮನೆಯ ಪಕ್ಕದಲ್ಲೇ ಇದ್ದ ಗ್ಯಾರೇಜಿನ ಶಟರು ಎಂಟು ತಿಂಗಳ ನಂತರ ಕಿರ್ರೆಂದು ಮೇಲೆದ್ದಿತು. ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬಿತ್ತು. ನೆಲದ ತುಂಬ ತೆಳ್ಳಗೆ ಧೂಳು. ಅಣ್ಣ ಕುರ್ಚಿಯನ್ನು ಶಟರಿನ ಹೊರಗೇ ಹಾಕಿಸಿಕೊಂಡು ಕುಳಿತ. ಅಣ್ಣ ಬಿದ್ದಿದ್ದ ಜಾಗವನ್ನು ಮೊದಲು ನೋಡಬೇಕೆಂದು ಪಾಲಿಶ್ ಬೆಂಚಿನ ಹತ್ತಿರ ಹೋಗಿ ಮಂಡಿಯೂರಿದ.

ಅಲ್ಲಿ ಧೂಳು ಬೇರೆ ಥರ ಕೂತಿತ್ತು. ಬೇರೆಲ್ಲ ಕಡೆ ಊದಿದರೆ ಹಾರುವ ಧೂಳು, ಅಲ್ಲಿ ಮಾತ್ರ ಕಪ್ಪಗೆ ಅಂಟಿಕೊಂಡು ಕಮಾನು ಕಮಾನಾಗಿ ಗೆರೆ ಮೂಡಿಸಿತ್ತು. ಬಲದಿಂದ ಎಡಕ್ಕೆ ಬಾಗಿದ ಕಮಾನುಗಳು, ಪ್ರತಿಯೊಂದೂ ಹಿಂದಿನದರ ಅರ್ಧ ಭಾಗ ಮುಚ್ಚಿಕೊಂಡು, ಒಂದೇ ಅಳತೆಯಲ್ಲಿ.

ಆ ಕಮಾನುಗಳನ್ನು ಪಾಲಿಶ್ ಚಿಕ್ಕಂದಿನಿಂದ ನೋಡಿದ್ದ. ರಿಪೇರಿ ಮುಗಿದ ಪ್ರತಿ ಕಾರಿನ ಬಾನೆಟ್ಟಿಗೂ ಅಣ್ಣ ಮೆತ್ತನೆಯ ಬಟ್ಟೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಹೀಗೇ ಒರೆಸುತ್ತಿದ್ದ. ಗಾಡಿಯನ್ನು ಮುಖ ತೊಳೆಸಿ ಕಳಿಸಬೇಕು ಎಂಬುದು ಅವನ ಶಾಸ್ತ್ರ. ಪ್ರಪಂಚದಲ್ಲಿ ಇನ್ಯಾವ ಮೆಕ್ಯಾನಿಕ್ಕಿನ ಕೈಯೂ ಹಾಗೆ ಬಾಗುವುದಿಲ್ಲ.

ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟು ನೋಡಿದ. ನೆಲ ಚೊಕ್ಕಟವಾಗಿದ್ದರೆ ನೀರು ಹರಡಬೇಕು. ಇಲ್ಲಿ ಹನಿಗಳು ಗುಂಡಗೆ ಮುತ್ತಿನ ಹಾಗೆ ನಿಂತವು. ಬೆರಳಿಂದ ಉಜ್ಜಿ ಮೂಸಿದ. ಎಣ್ಣೆ.

ತಿರುಗಿ ನೋಡಿದ. ಅಣ್ಣ ಅವನ ಬೆರಳನ್ನೇ ನೋಡುತ್ತಿದ್ದ.

ಪಾಲಿಶನಿಗೆ ಮೈಯೆಲ್ಲ ಉರಿಯಿತು. ಎಂಟು ತಿಂಗಳು! ಎಂಟು ತಿಂಗಳು ಒಡಹುಟ್ಟಿದವನನ್ನು ಕೊಲೆಗಾರನ ಹಾಗೆ ಅಲೆಯಲು ಬಿಟ್ಟು ಈ ಮನುಷ್ಯ ಕುಕ್ಕರಿನ ಹಿಡಿ ಬಿಚ್ಚುತ್ತಾ ಕುಳಿತಿದ್ದ. ಅಷ್ಟರಲ್ಲಿ ಅತ್ತಿಗೆ ಬಕೆಟ್ಟಿನಲ್ಲಿ ನೀರು ಹೊತ್ತು ತಂದಳು.

"ಏನದು ಅಲ್ಲಿ?" ಎಂದಳು. ಹಲಗೆ ಯಾವುದೂ ಹತ್ತಿರ ಇರಲಿಲ್ಲವಾದ್ದರಿಂದ ಅವನನ್ನೇ ಕೇಳಬೇಕಾಯಿತು.

ಒಂದು ಮಾತು ಸಾಕಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಅಣ್ಣ ತಲೆ ತಗ್ಗಿಸಿಬಿಟ್ಟಿದ್ದ. ಎಂಥ ಹಟಮಾರಿ ಎಂಜಿನ್ನಿನ ಮುಂದೆಯೂ ತಗ್ಗಿಸದ ತಲೆ ಅದು. ನೋಡಲು ಪಾಲಿಶನಿಂದ ಆಗಲಿಲ್ಲ.

"ಧೂಳು ಅತ್ತಿಗೆ. ಒರೆಸಿದ್ರೆ ಹೋಗುತ್ತೆ," ಎಂದ.

ಜಿಡ್ಡು ತೆಗೆಯುವ ದ್ರಾವಣ ಹಾಕಿ ತಿಕ್ಕಿದ. ತೊಳೆದು ಮತ್ತೆ ತಿಕ್ಕಿದ. ಹನಿ ಬಿಟ್ಟ ನೀರು ಹರಡುವವರೆಗೂ ಬಿಡಲಿಲ್ಲ. ಜಿಡ್ಡಿನ ಮೇಲೆ ಹಾಕಿದ ಲೇಪ ಎಂದೂ ನಿಲ್ಲುವುದಿಲ್ಲ. ಆಮೇಲೆ ಯಂತ್ರದಿಂದ ಹಳೆಯ ಹೊಳಪನ್ನೆಲ್ಲ ಉಜ್ಜಿ ಮಂಕು ಮಾಡಿದ. ತನ್ನ ಕೈಯ ಕನ್ನಡಿಯನ್ನು ತಾನೇ ಕೆಡಿಸುವಾಗ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು.

ಮರುದಿನ ನೆಲ ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ರಾಳಕ್ಕೆ ಗಟ್ಟಿಯಾಗಿಸುವ ದ್ರವ ಬೆರೆಸಿದ. ಬೆರೆಸಿದ ಮೇಲೆ ಮೂವತ್ತೇ ನಿಮಿಷ, ತಡಮಾಡಿದರೆ ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ಕೇಳದೆಯೇ ಅಣ್ಣ ಹೊರಗಿನಿಂದ ಗಡಿಯಾರ ನೋಡಿ ಕೂಗತೊಡಗಿದ. "ಹತ್ತಾಯ್ತು." "ಹದಿನೈದು, ಬೇಗ ಬೇಗ." "ಎಡಗಡೆ ಮೂಲೆ ಬಿಟ್ಟೋಯ್ತು ನೋಡೋ." ಪಾಲಿಶ್ ಹಿಂದಿನ ಗೋಡೆಯಿಂದ ಶಟರಿನತ್ತ ರೋಲರ್ ಎಳೆಯುತ್ತಾ ಬಂದ, ಚಪ್ಪಲಿಯಡಿಗೆ ಮೊಳೆಗಳಿರುವ ಅಟ್ಟೆ ಕಟ್ಟಿಕೊಂಡು ಹಸಿ ಲೇಪದ ಮೇಲೆ ನಡೆದು ಎರಡೂ ಕೈಯಲ್ಲಿ ಮರಳು ಬೀಸಿದ. ಮಾರನೇ ದಿನ ಹೆಚ್ಚಿನ ಮರಳು ಗುಡಿಸಿ ಮೇಲಿನ ಪದರ ಎಳೆದ. ಎಣ್ಣೆಯ ವಿಷಯ ಇಬ್ಬರೂ ಎತ್ತಲಿಲ್ಲ.

ಐದನೇ ದಿನ ನೆಲ ನಡೆಯಲು ಸಿದ್ಧವಾಯಿತು. ಅತ್ತಿಗೆ ಮೊದಲು ತಾನು ನೀರು ಚೆಲ್ಲಿ ನಡೆದು ನೋಡಿ, ಆಮೇಲೆ ಗಂಡನನ್ನು ಒಳಗೆ ಬಿಟ್ಟಳು. ಅಣ್ಣ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಬೆಂಚಿನವರೆಗೆ ಹೋದ. ಹೋಗಿ, ಸ್ಪ್ಯಾನರುಗಳ ಮೇಲೆ ಕೈಯಾಡಿಸಿದ.

ಅತ್ತಿಗೆಯ ಕಣ್ಣುಗಳು ತುಂಬಿಕೊಂಡವು. "ಈ ಸಲ ಸರಿಯಾಗಿ ಹಾಕಿದೀಯ," ಎಂದಳು ಮೈದುನನಿಗೆ. "ಹೋದ ಸಲನೇ ಹಿಂಗೆ ಹಾಕಿದ್ರೆ ಇವ್ರಿಗೆ ಈ ಗತಿ ಬರ್ತಿರ್ಲಿಲ್ಲ."

"ಹೌದು ಅತ್ತಿಗೆ," ಎಂದ ಪಾಲಿಶ್.

ಅಣ್ಣ ಬೆಂಚು ಹಿಡಿದು ತಿರುಗಿದ. "ಇಲ್ಲ ಕಣೇ. ಅವತ್ತು ನಾನೇ ನೆಲಕ್ಕೆ ಎಣ್ಣೆ ಒರೆಸಿದ್ದೆ."

"ಏನು?"

"ಟೈರ್ ಅಂಗಡಿಯವನು ನೆಲ ನೋಡೋಕೆ ಬರ್ತೀನಿ ಅಂದಿದ್ದ. 'ನಿನ್ನ ತಮ್ಮನಿಗೆ ಏನು ಮಹಾ ಕೆಲಸ ಬರುತ್ತೆ' ಅಂತ ನನ್ನನ್ನ ಹಂಗಿಸಿದ್ದ. ಕಣ್ಬಿಟ್ಟು ನೋಡ್ಲಿ ಅಂತ ಇನ್ನೊಂಚೂರು ಮಿಂಚಿಸಿದೆ, ಬಾನೆಟ್ ಒರೆಸೋ ಹಾಗೆ. ಎದ್ದು ಒಂದು ಹೆಜ್ಜೆ ಇಟ್ಟೆ, ಅಷ್ಟೇ. ಮೂವತ್ತು ವರ್ಷ ಎಣ್ಣೆಲೇ ಬಾಳಿದೋನು, ನಾನು ಹಾಕಿದ ಎಣ್ಣೆಗೆ ನಾನೇ ಬಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು. ಮೊದಲ ದಿನ ಹೇಳ್ಲಿಲ್ಲ. ಆಮೇಲೆ ಬಾಯೇ ಬರ್ಲಿಲ್ಲ."

ಅತ್ತಿಗೆ ಮೈದುನನತ್ತ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಧೂಳು ಅಂದ್ನಲ್ಲ, ಆವಾಗ ಗೊತ್ತಾಯ್ತು."

"ಹೇಳೋಕೇನಾಗಿತ್ತು ನಿಂಗೆ?"

"ಮರಳು ಹಾಕ್ದೆ ಇದ್ದೋನು ನಾನೇ ಅಲ್ವಾ ಅತ್ತಿಗೆ? ಗ್ಯಾರೇಜ್ ಅಂದ್ಮೇಲೆ ಎಣ್ಣೆ ಬೀಳದೆ ಇರುತ್ತಾ?"

ಅತ್ತಿಗೆ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಬೆಂಚಿನ ಮೇಲಿದ್ದ ಒರೆಸುವ ಬಟ್ಟೆಗಳನ್ನೆಲ್ಲ ಬಾಚಿ ಎತ್ತಿಕೊಂಡು, ಮನೆಯ ಕಡೆ ಹೊರಟುಹೋದಳು.

ಪಾಲಿಶ್ ಅಣ್ಣನಿಗೆ ಹೆಗಲು ಕೊಟ್ಟು ಮನೆಯ ಮುಂದಿನವರೆಗೆ ತಂದ. ಅಣ್ಣ ಗೋಡೆಯ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಒಳಗೆ ಹೋದ. ಪಾಲಿಶ್ ಅಭ್ಯಾಸಬಲದಿಂದ ಕೆಳಗೇ ಉಳಿದ. ಒಳಗೆ ಮೂರು ತಟ್ಟೆಗಳು ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

"ಯಾಕೆ ಅಲ್ಲೇ ಕಂಬದ ಹಾಗೆ ನಿಂತಿದೀಯ?" ಅತ್ತಿಗೆ ಒಳಗಿನಿಂದಲೇ ಗದರಿದಳು. "ಮೆಟ್ಲು ಹತ್ಬೇಡ ಅಂತ ಯಾರಾದ್ರೂ ಅಂದ್ರಾ ನಿಂಗೆ?"

"ಇಲ್ಲ ಅತ್ತಿಗೆ, ಯಾರೂ ಅಂದಿಲ್ಲ," ಎಂದು ಪಾಲಿಶ್ ಚಪ್ಪಲಿ ಬಿಟ್ಟ.