ಮೂಸದ ಹೂವು

ಹೂವನ್ನು ಎದುರಿನವರ ಕೈಗಿತ್ತು, ಹೂವಿನ ಕಡೆ ನೋಡದೆ, ಮೂಸುವವರ ಮುಖವನ್ನೇ ನೋಡುತ್ತ ನಿಲ್ಲುವವರೆಂದರೆ ನಾನು ಕಂಡಂತೆ ಸಾರಕ್ಕಿಯ ಬೈಲಪ್ಪನವರೊಬ್ಬರೇ. ಹುಬ್ಬು ತುಸು ಮೇಲೆದ್ದಿತೆ, ಹೊಳ್ಳೆ ಅರಳಿತೆ, ಕಣ್ಣು ತಾನಾಗಿ ಮುಚ್ಚಿತೆ ಎಂದು ಹುಡುಕುವಾಗ ಅವರ ಮುಖದಲ್ಲಿ ಫಲಿತಾಂಶದ ಹಲಗೆಯ ಮುಂದೆ ನಿಂತ ವಿದ್ಯಾರ್ಥಿಯ ದಿಗಿಲಿರುತ್ತದೆ.

ರಾಗಿ, ಸೊಪ್ಪು ಬೆಳೆದ ಮನೆತನ ಅವರದು. ಹೊಲವಿದ್ದಲ್ಲಿ ಈಗ ಬಾಡಿಗೆಮನೆಗಳ ಕಟ್ಟಡವೆದ್ದಿದೆ. ಆದರೂ ತಾರಸಿಯ ಕುಂಡಗಳ ನಡುವೆ ಅವರು ಇಂದಿಗೂ ಬದುವಿನ ಮೇಲೆ ನಡೆಯುವಂತೆ ಒಂದರ ಮುಂದೊಂದು ಹೆಜ್ಜೆಯಿಟ್ಟೇ ನಡೆಯುತ್ತಾರೆ. ಬೇಸಿಗೆಯಲ್ಲೂ ಕಳಚದ ಕಂದು ಸ್ವೆಟರಿನ ಜೇಬಿನಲ್ಲೊಂದು ಮೆತ್ತನೆಯ ಕುಂಚ. ಏನು ಕೇಳಿದರೂ ‘ನೋಡಾಣ’ ಎಂಬುದೇ ಉತ್ತರ. ಹೊಸ ಗುಲಾಬಿ ತಳಿ ಹುಟ್ಟಿಸುವುದು ಅವರ ಗೀಳು. ಅತಿ ಚೆಂದದ ಮೊಗ್ಗನ್ನೇ ಆರಿಸಿ, ಅರಳುವ ಮೊದಲೇ ಅದರ ಎಸಳು ಕೇಸರಗಳನ್ನೆಲ್ಲ ಕಿತ್ತು, ಬೇರೊಂದು ಗಿಡದ ಪರಾಗವನ್ನು ಕುಂಚದಿಂದ ಸವರಿ ಕಾಗದದ ಟೋಪಿ ತೊಡಿಸುವುದು. ಕಾಯಿ ಮಾಗಿದ ಮೇಲೆ ಬೀಜವನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಮಲಗಿಸುವುದು. ಮೊಳೆತದ್ದರಲ್ಲಿ ಮುಕ್ಕಾಲು ಪಾಲನ್ನು ಕಿತ್ತೆಸೆಯುವುದು. ಬೆಳೆಯುವವನೆಂದು ನಂಬಿ ಕೀಳುವವನನ್ನು ಕಟ್ಟಿಕೊಂಡೆ ಎಂದು ಹೆಂಡತಿ ಕಮಲಾದೇವಿ ನಗುವುದುಂಟು.

ಹೀಗೆ ವರ್ಷಗಟ್ಟಲೆ ಕಿತ್ತ ಮೇಲೆ, ಹಳೆಯ ಪನ್ನೀರು ಗುಲಾಬಿಗೂ ಜೇನುಬಣ್ಣದ ದೊಡ್ಡ ಹೂವಿನ ತಳಿಗೂ ಹುಟ್ಟಿದ ಒಂದು ಸಸಿ ಅವರು ಬಯಸಿದ ಬಣ್ಣವನ್ನೇ ತಂದಿತು. ತಾಯಿಗಿಡವಾದ ಪನ್ನೀರು ಗುಲಾಬಿಯ ಪರಿಮಳವೂ ಬಂದೇ ಬರುತ್ತದೆಂದು ತಲಘಟ್ಟಪುರದ ನರ್ಸರಿಯ ಬೈರಣ್ಣನಿಗೆ ಅವರು ಮೊದಲೇ ಮಾತು ಕೊಟ್ಟಿದ್ದರು. ಅವನೋ ‘ಸಾರಕ್ಕಿ ಘಮ’ ಎಂದು ಬೋರ್ಡನ್ನೇ ಬರೆಸಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ. ಸೋಮವಾರ ಕಸಿಗೆಂದು ಕಡ್ಡಿ ಕೊಂಡೊಯ್ಯಲು ಬರುವವನಿದ್ದ. ಸಂಕಟವೆಂದರೆ, ಹಿಂದೊಮ್ಮೆ ಬಂದ ಜ್ವರ ಬೈಲಪ್ಪನವರ ಮೂಗನ್ನು ಕೊಂದುಹೋಗಿತ್ತು. ಅವರಿಗೆ ಕಾಫಿಯೂ ಒಂದೇ, ಸೀಮೆಎಣ್ಣೆಯೂ ಒಂದೇ. ಇದನ್ನು ಹೆಂಡತಿಯ ಹೊರತು ಯಾರೂ ಅರಿತಿರಲಿಲ್ಲ.

ಮೂಸಿದ ಬಾಡಿಗೆಮನೆಯವರೆಲ್ಲ ‘ಸಖತ್ತಾಗಿದೆ ಅಂಕಲ್’ ಎಂದರು, ಮುಖ ಮಾತ್ರ ಮಿಸುಕಲಿಲ್ಲ. ಕಮಲಾದೇವಿಯೂ ಘಮ್ಮೆನ್ನುತ್ತಿದೆ ಎಂದರು. ಮದುವೆಯಾದಾಗಿನಿಂದ ಯಾವುದನ್ನೂ ಒಂದೇ ಮಾತಿಗೆ ಒಪ್ಪದ ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದ್ದೇ ಅವರ ಅನುಮಾನವನ್ನು ಗಟ್ಟಿಮಾಡಿತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದರು.

ಉಳಿದವರು ತಂಗೆವ್ವ. ಬಾಗಲಕೋಟೆ ಕಡೆಯಿಂದ ಬಂದು ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ, ಎದ್ದು ಬಂದು ಎದೆಗೊದ್ದರೂ ಇದ್ದದ್ದನ್ನೇ ಹೇಳುವ ಹೆಂಗಸು. ಆದರೆ ಹೊಸ ಹೂ ಕೊಟ್ಟಾಗಲೆಲ್ಲ ಆಕೆ ಅದನ್ನು ಮುಖದಿಂದ ದೂರ ಹಿಡಿದು, ಸೆರಗಿನಲ್ಲಿ ಮುಚ್ಚಿಕೊಂಡು ಸರಸರನೆ ಇಳಿದುಬಿಡುತ್ತಿದ್ದರು. ಮೂಗಿನ ಬಳಿ ತರಲಾರದಷ್ಟು ನಾತವೇ ಎಂದು ಬೈಲಪ್ಪನವರ ಜೀವ ಹಾರಿತು. ಭಾನುವಾರ ಬೆಳಿಗ್ಗೆ, ಮೆಣಸಿನಕಾಯಿ ಒಣಹಾಕಲು ಬಂದ ಆಕೆಯನ್ನು ತಡೆದು, ಯಾಕೆ ಮೂಸುವುದಿಲ್ಲವೆಂದು ಕೇಳಿಯೇಬಿಟ್ಟರು.

“ದೇವರಿಗೆ ಏರಿಸೋ ಹೂ ಮೂಸಬಾರದ್ರೀ ಅಣ್ಣಾರ,” ಎಂದರು ತಂಗೆವ್ವ.

“ಇದು ದೇವರ್ಗಲ್ಲಮ್ಮ. ನನ್ ಮೂಗು ಹೋಗೈತೆ. ನೀವು ಮೂಸಿ, ಇರೋದ್ ಹೇಳಿ.”

ಆಕೆ ಮೂಸಿದರು. ಮತ್ತೊಮ್ಮೆ, ಉಸಿರೆಳೆದು ಮೂಸಿದರು.

“ಚಂದಂದ್ರ ಭಾಳ ಚಂದ ಐತ್ರಿ. ಘಮ ಇಲ್ಲ. ಹಸಿ ಎಲಿ ವಾಸನಿ ಅಷ್ಟ.”

ಹೇಳಿ, ಮೂಸಿದ್ದು ಇನ್ನು ದೇವರಿಗೆ ಬಾರದೆಂದು ಹೂವನ್ನು ತಮ್ಮ ತುರುಬಿಗೇ ಸಿಕ್ಕಿಸಿಕೊಂಡು ಇಳಿದುಹೋದರು.

ಬೈಲಪ್ಪನವರು ಅಲ್ಲೇ ನಿಂತು ಬೈರಣ್ಣನಿಗೆ ಫೋನು ಮಾಡಿದರು. ಈ ಕಾಲದಲ್ಲಿ ಮೂಸಿ ಕೊಳ್ಳುವವರು ಯಾರು, ಬಣ್ಣಕ್ಕೇ ಜನ ಮುಗಿಬೀಳುತ್ತಾರೆ, ಬೋರ್ಡು ಬೇರೆ ಆಗಿದೆ ಎಂದು ಅವನು ಬಗೆಬಗೆಯಾಗಿ ಹೇಳಿದ.

“ಮೂಗಿಲ್ದೋನು ನಾನೊಬ್ನೇ ಕಣಪ್ಪ, ಊರ್ಗೆಲ್ಲ ಐತೆ. ಬರ್ಬೇಡ,” ಎಂದು ಇವರು ಫೋನಿಟ್ಟರು. ಅಂದು ಮಧ್ಯಾಹ್ನ ಎರಡು ಮುದ್ದೆ ಉಂಡರಂತೆ.

ಹೊಸದನ್ನು ಹುಟ್ಟಿಸಹೊರಟವರಲ್ಲಿ ಇಂಥದೊಂದು ಜಾತಿಯಿದೆ. ಹೊಗಳಿಕೆ ಇವರ ನಿದ್ದೆ ಕೆಡಿಸುತ್ತದೆ. ‘ಇಲ್ಲ’ ಎಂಬ ನೇರ ಮಾತು ಹಸಿವನ್ನು ಮರಳಿಸುತ್ತದೆ. ಪ್ರೀತಿಸುವವರು ಇವರಿಗೆ ಸುಳ್ಳು ಹೇಳದೆ ಇರಲಾರರು, ಇವರು ಅದನ್ನು ನಂಬಲಾರರು. ತಮ್ಮ ಪಾಲಿಗೆ ಎಂದೋ ತೀರಿಹೋದ ಪರಿಮಳಕ್ಕಾಗಿ ಮತ್ತೊಂದು ಮೊಗ್ಗಿಗೆ ಕೈಹಾಕುವ ಇವರು, ಅದು ಕೊನೆಗೂ ಬಂದ ದಿನ, ಬಂತೆಂಬುದನ್ನು ಇನ್ನೊಬ್ಬರ ಬಾಯಿಂದಲೇ ಕೇಳಿ ತಿಳಿಯಬೇಕಾದವರು.