ಹುಟ್ಟುಗುಣದ ಪಾಸ್

ಈ ಬೆಳಿಗ್ಗೆ ಕ್ರೈಸ್ಟ್‌ಚರ್ಚಿನಲ್ಲಿ ಎದ್ದಿರುವ ಅತಿ ಗಂಭೀರ ಪ್ರಶ್ನೆಯೆಂದರೆ, ತಟ್ಟೆಯಲ್ಲಿ ಏಳು ಜಿಂಜರ್‌ನಟ್ ಬಿಸ್ಕತ್ತುಗಳಿವೆ, ಮೇಜಿನ ಸುತ್ತ ನಾವು ಮೂವರಿದ್ದೇವೆ, ತಲೆಗೆರಡರಂತೆ ಹಂಚಿದರೆ ಒಂದು ಉಳಿಯುತ್ತದೆ, ಆ ಒಂದರ ಗತಿಯೇನು — ಕೋಚ್ ಮರ್ರೆ ಅದನ್ನು ಆಗಲೇ ಎತ್ತಿಕೊಂಡಾಯಿತು, ಚಹಾದಲ್ಲಿ ಅದ್ದುತ್ತಿದ್ದಾನೆ, ಅದ್ದದಿದ್ದರೆ ಹಲ್ಲು ಮುರಿಯುವಂಥ ಬಿಸ್ಕತ್ತು, ಯಾರನ್ನೂ ಕೇಳಲಿಲ್ಲ, ಕೇಳುವ ರೂಢಿಯಿದ್ದರಲ್ಲವೇ, ಉಳಿದದ್ದು ಯಾರದ್ದೆಂಬ ಪ್ರಶ್ನೆ ಅವನಿಗೆ ಹುಟ್ಟಿದಾಗಿನಿಂದ ಬಂದೇ ಇಲ್ಲ — ಆಡಳಿತದ ಜೂಲಿ ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾಳೆ, ಅವಳ ಮುಂದೆ ಎರಡು ವರ್ಷದ ಕರಾರು, ಹೆಸರಿನ ಜಾಗ ಖಾಲಿ, ನಮ್ಮ ರಗ್ಬಿ ತಂಡದ ಹತ್ತನೇ ನಂಬರಿನ ಅಂಗಿ ಒಂದೇ, ಅದಕ್ಕೆ ಇಬ್ಬರು, ಆಂಗಸ್ ಮತ್ತು ಸೆಮಿಸಿ, ಹತ್ತನೇ ನಂಬರಿನವನೆಂದರೆ ಆಟ ನಡೆಸುವವನು, ಚೆಂಡು ಅವನ ಕೈಗೆ ಬಂದು ಮುಂದಕ್ಕೆ ಹೋಗಬೇಕು, ಒದೆಯುವುದೋ ಎಸೆಯುವುದೋ ಅವನ ತೀರ್ಮಾನ, ಮರ್ರೆ ಎರಡು ವರ್ಷ ಅಮೆರಿಕದಲ್ಲಿದ್ದು ಬಂದವನಾದ್ದರಿಂದ ಅಲ್ಲಿಯ ಫುಟ್‌ಬಾಲಿನ ಮಾತಿನಲ್ಲಿ ನಮ್ಮ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾನೆ, ನಮ್ ಕ್ವಾರ್ಟರ್‌ಬ್ಯಾಕ್‌ಗೆ ತಲೆ ಬೇಕಮ್ಮ ಕ್ಯಾಟ್, ಕಾಲೊಂದೇ ಸಾಲದು ಅನ್ನುತ್ತಾನೆ, ಕ್ಯಾಟ್ ಅಂದರೆ ನಾನು, ತಂಡದ ಆಟದ ಅಂಕಿಅಂಶ ಬರೆಯುವ ಕಾತ್ಯಾಯಿನಿ, ನಾಲ್ಕಕ್ಷರ ಹೊರಲಾರದೆ ಇವರು ಒಂಬತ್ತು ವರ್ಷದ ಹಿಂದೆಯೇ ನನ್ನನ್ನು ಬೆಕ್ಕು ಮಾಡಿದರು — ಅವನು ಇಂಗ್ಲಿಷಿನಲ್ಲೇ ಹೇಳಿದ್ದು, ಆದರೆ ನನ್ನ ತಲೆಯೊಳಗೆ ಎಲ್ಲರೂ ತಿಪಟೂರಿನ ಕನ್ನಡ ಮಾತಾಡುತ್ತಾರೆ, ಅದು ನನ್ನ ಅನುಕೂಲಕ್ಕೆ, ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಸಿಟ್ಟು ಬರುವುದಿಲ್ಲ.

ಸೆಮಿಸಿ ದೇವರು ಕೊಟ್ಟ ಹುಡುಗ ಕಣಮ್ಮ ಅನ್ನುತ್ತಿದ್ದಾನೆ ಮರ್ರೆ, ಅಂಥಾ ಮೈ, ಅಂಥಾ ಕೈ, ಕಲಿಸಿದ್ರೆ ಬರೋದಲ್ಲ ಅದು, ಆಂಗಸ್ ಹಂಗಲ್ಲ, ಪಾಪ, ಪ್ರತಿಯೊಂದನ್ನೂ ಬೆವರು ಸುರಿಸಿ ಸಂಪಾದಿಸವ್ನೆ — ಕೇಳಿಸಿಕೊಳ್ಳಿ, ಬಣ್ಣದ ಮಾತೇ ಇಲ್ಲ, ಸೆಮಿಸಿಯ ಮನೆಯವರು ಬಂದ ಟೋಂಗಾ ದ್ವೀಪದ ಹೆಸರು ಬಾಯಿಂದ ಜಾರಿದ್ದರೆ ನಾಲಿಗೆ ಕಚ್ಚಿಕೊಂಡಾನು, ಹೊಗಳುತ್ತಿದ್ದಾನೆ, ಬರೀ ಹೊಗಳಿಕೆ, ಇಷ್ಟು ಹೊಗಳಿಸಿಕೊಂಡು ಕೆಲಸ ಕಳೆದುಕೊಳ್ಳುವ ಭಾಗ್ಯ ಯಾರಿಗುಂಟು — ಕುರಿ ಸಾಕುವ ದೊಡ್ಡ ಮನೆತನದ ಆಂಗಸ್ ಒಳ್ಳೆಯವನೇ, ನನಗಾಗಿ ಬಾಗಿಲು ಹಿಡಿದು ನಿಲ್ಲುತ್ತಾನೆ, ಅವನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಬೆಳಿಗ್ಗೆ ಏಳಕ್ಕೆ ಮೊದಲು ನನ್ನ ಕಿಟಕಿಯಿಂದ ಕಾಣುವವನು ಅವನಲ್ಲ, ಹಳದಿ ಮುಚ್ಚಳದ ಕಸದ ಡಬ್ಬಿಯ ತುಂಬ ಚೆಂಡು ತುಂಬಿಕೊಂಡು ಹಿಮಗಟ್ಟಿದ ಹುಲ್ಲಿನ ಮೇಲೆ ಎಳೆದುಕೊಂಡು ಬರುವವನು ಸೆಮಿಸಿ, ಇಪ್ಪತ್ತು ಒದೆತ, ಇಪ್ಪತ್ತು ಚೆಂಡನ್ನೂ ತಾನೇ ಆರಿಸಿ ತಂದು ಮತ್ತೆ ಇಪ್ಪತ್ತು, ಎಂಬತ್ತಾಗುವವರೆಗೆ, ಮಧ್ಯಾಹ್ನ ಸರಕಿನ ಗೋದಾಮಿನಲ್ಲಿ ಲಾರಿಗೆ ಪೆಟ್ಟಿಗೆ ಹೇರುವ ಕೆಲಸ, ಕರಾರು ಸಿಕ್ಕರೆ ಅದನ್ನು ಬಿಡುತ್ತೇನೆ ಅಂದಿದ್ದ, ಸಿಗದಿದ್ದರೆ ಅಂತ ನಾನು ಕೇಳಲಿಲ್ಲ — ಹುಡುಗರ ಬೆನ್ನಿಗಂಟಿ ಅವರ ಓಡಾಟ ಎಣಿಸುವ ಬೆಂಕಿಪೊಟ್ಟಣದಷ್ಟು ಯಂತ್ರ ಹೇಳುತ್ತದೆ, ಈ ಸಾಲಿನಲ್ಲಿ ಒಬ್ಬನೇ ಅಭ್ಯಾಸ ಮಾಡಿದ ಹೊತ್ತು ಸೆಮಿಸಿ ಇನ್ನೂರ ಹನ್ನೆರಡು ಗಂಟೆ, ಆಂಗಸ್ ನೂರ ಮೂವತ್ತೊಂದು, ಅದು ನನ್ನ ವರದಿಯ ನಾಲ್ಕನೇ ಪುಟ, ನಾಲ್ಕನೇ ಪುಟ ತಲುಪಲಿ ಅಂತ ಕಾಯುತ್ತ ಕೂತಿದ್ದೇನೆ, ಮರ್ರೆ ಎರಡನೇ ಪುಟದಲ್ಲಿದ್ದಾನೆ — ಐಲ್ಯಾಂಡಿನೋರಿಗೆ ಅದೆಲ್ಲ ನ್ಯಾಚುರಲ್ ಕಣೇ ಕಾತೀ, ಕೂತು ಕೆಲಸ ಮಾಡೋ ಜಾಯಮಾನ ಅಲ್ಲ ಅವ್ರದ್ದು ಅಂತ ಗುರುದತ್ ಹೋದ ಭಾನುವಾರ ಚಿತ್ರಾನ್ನ ತಿನ್ನುತ್ತ ಹೇಳಿದ, ನನ್ನ ಗಂಡ, ಎಂಜಿನಿಯರ್, ಆ ಮಾತು ಹೇಳುವಾಗ ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದ, ದಟ್ಸ್ ಸೋ ರೇಸಿಸ್ಟ್ ಡ್ಯಾಡ್ ಅಂದಳು ಮಾನ್ಯ ಫೋನಿನಿಂದ ಕಣ್ಣೆತ್ತದೆ, ಏಯ್ ಹೊಗಳಿದೆ ಕಣೇ ನಾನು ಅಂದ, ನಾನು ಉಪ್ಪು ಸಾಲದು ಅಂದೆ, ಅಷ್ಟೇ ಅಂದೆ — ಅಷ್ಟೇ ಅನ್ನುವುದರಲ್ಲಿ ನನಗೆ ಹಳೆಯ ಅನುಭವವಿದೆ, ತಿಪಟೂರಿನಲ್ಲಿ ಒಂಬತ್ತನೇ ಕ್ಲಾಸು, ಉದ್ದ ಜಿಗಿತ, ನನ್ನ ಕ್ಲಾಸಿನ ತಿಪ್ಪಮ್ಮ ಹೆಂಚಿನ ಕಾರ್ಖಾನೆಯ ಹಿಂದೆ ತಾನೇ ಸಲಿಕೆ ಹಿಡಿದು ಮರಳು ಸಡಿಲಿಸಿಕೊಂಡು ದಿನಾ ಬೆಳಿಗ್ಗೆ ಹಾರುತ್ತಿದ್ದಳು, ಹಾಲು ತರಲು ಹೋದಾಗಲೆಲ್ಲ ನೋಡಿದ್ದೇನೆ, ಮೊದಲು ಬಂದಳು, ನಾನು ಮೂರನೆಯವಳು, ಇದ್ದದ್ದೇ ನಾಲ್ಕು ಜನ, ಅವಳಿಗೇನ್ ಬಿಡಮ್ಮ, ಆ ಕೇರಿಯೋರಿಗೆ ಮೈಬಲ ರಕ್ತದಾಗೇ ಐತೆ, ನೀನ್ ನೋಡು ಕಷ್ಟಪಟ್ಟು ಬಂದೋಳು ಅಂತ ಪಿ.ಟಿ. ಮೇಷ್ಟ್ರು ಲಿಂಗರಾಜಪ್ಪನವರು ಪರಿಶ್ರಮಕ್ಕೆಂದು ನನಗೊಂದು ಟಿಫಿನ್ ಡಬ್ಬಿ ಕೊಟ್ಟರು, ಅವಳ ಎದುರಿಗೇ, ನಾನು ಥ್ಯಾಂಕ್ಸ್ ಸಾರ್ ಅಂದೆ, ಎಸೆಸೆಲ್ಸಿ ಮುಗಿಯುವವರೆಗೂ ಅದರಲ್ಲೇ ಉಪ್ಪಿಟ್ಟು ತಿಂದೆ.

ಈಗ ಮರ್ರೆ ದೀಪ ಆರಿಸುತ್ತಿದ್ದಾನೆ, ಪರದೆಯ ಮೇಲೆ ಎರಡು ತುಣುಕು ಅಕ್ಕಪಕ್ಕ, ಎಡಕ್ಕೆ ಆಂಗಸ್ ಬಲಕ್ಕೆ ಸೆಮಿಸಿ, ಎದುರಾಳಿಯ ಅಂಚಿನ ಆಟಗಾರ ಎರಡು ಹೆಜ್ಜೆ ಒಳಗೆ ಬಂದ, ಇಬ್ಬರೂ ಚೆಂಡನ್ನು ಅವನ ತಲೆಯ ಮೇಲಿಂದ ಖಾಲಿ ಜಾಗಕ್ಕೆ ಎಸೆದರು, ಒಂದೇ ಪಾಸ್, ಅಚ್ಚೊತ್ತಿದ ಹಾಗೆ ಒಂದೇ, ಕೆಳಗೆ ಬಿಳಿ ಅಕ್ಷರದಲ್ಲಿ ಗುರುತು, ಆಂಗಸನದರ ಕೆಳಗೆ ಓದಿ ಕೊಟ್ಟದ್ದು, ಅಂದರೆ ಎದುರಾಳಿಯ ನಡೆಯನ್ನು ಓದಿ, ಸೆಮಿಸಿಯದರ ಕೆಳಗೆ ಹುಟ್ಟುಗುಣ — ಮರ್ರೆ ನಗುತ್ತಿದ್ದಾನೆ, ನೋಡು ಜೂಲಿ, ಹತ್ತರಲ್ಲಿ ಏಳು ಸಲ ಆಂಗಸ್ ಓದ್ತಾನೆ, ಹತ್ತರಲ್ಲಿ ಏಳು ಸಲ ಸೆಮಿಸಿಗೆ ಅದು ತಾನಾಗೇ ಬರುತ್ತೆ, ನಾನ್ ಹೇಳ್ತಿಲ್ಲ, ಕ್ಯಾಟ್ ಲೆಕ್ಕ ಹೇಳ್ತೈತೆ, ಲೆಕ್ಕ ಅಂದ್ರೆ ಇವ್ರಿಗೆ ರಕ್ತದಾಗೇ ಐತಲ್ಲ — ರಕ್ತದಲ್ಲಿ, ನನ್ನ ರಕ್ತದಲ್ಲಿ, ಪಿಯುಸಿ ಗಣಿತದಲ್ಲಿ ಮೂವತ್ತೆಂಟು ತೆಗೆದ ರಕ್ತ, ಡನೀಡಿನ್‌ನ ಗ್ರಂಥಾಲಯದಲ್ಲಿ ಹೀಟರಿನ ಪಕ್ಕ ಕೂತು ಎರಡು ವರ್ಷ ಅತ್ತು ಕಲಿತ ಸಂಖ್ಯಾಶಾಸ್ತ್ರ, ಅದನ್ನೂ ರಕ್ತಕ್ಕೆ ಬರೆದುಬಿಟ್ಟ ಬೋಳೀಮಗ — ಆದರೆ ನಿಲ್ಲು, ಗುರುತು ಹಾಕಿದವಳು ನಾನು, ಯಂತ್ರವಲ್ಲ, ಪ್ರತಿ ಪಂದ್ಯದ ವಿಡಿಯೋ ನೋಡಿ ಪ್ರತಿ ಪಾಸಿಗೂ ಕೀಲಿಮಣೆಯಲ್ಲಿ ಒಂದು ಅಥವಾ ಎರಡು ಒತ್ತುವುದು ನನ್ನ ಕೆಲಸ, ಒಂದು ಅಂದರೆ ಓದಿ ಕೊಟ್ಟದ್ದು, ಎರಡು ಅಂದರೆ ಹುಟ್ಟುಗುಣ, ತುಣುಕಿಗೆ ಮೂರು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡರೆ ವಾರದ ಪಂದ್ಯ ಮುಗಿಯುವುದಿಲ್ಲ, ಮೂರು ಸೆಕೆಂಡಿನಲ್ಲಿ ಬೆರಳು ಯಾರನ್ನು ಕೇಳುತ್ತದೆ, ನನ್ನನ್ನಂತೂ ಕೇಳಿಲ್ಲ — ಇದೇ ಪಾಸ್, ಇದೇ, ಪಂದ್ಯದ ಮಾರನೆಯ ದಿನ ಸೆಮಿಸಿ ಬಾಳೆಹಣ್ಣು ತಿನ್ನುತ್ತ ನನ್ನ ಮೇಜಿಗೆ ಬಂದಿದ್ದ, ಕಾತ್ಯಾಯಿನಿ ಅಂದ, ನಾಲ್ಕಕ್ಷರವನ್ನೂ ಪೂರ್ತಿ, ನಮ್ಮಮ್ಮನ ಹೆಸರು ಇದಕ್ಕಿಂತ ಉದ್ದ ಅನ್ನುತ್ತಿರುತ್ತಾನೆ, ನೋಡಿದ್ರಾ ಆ ಪಾಸ್, ಆ ಅಂಚಿನೋನು ಒಳಗೆ ನುಗ್ಗೋ ಮೊದ್ಲು ಎಡಗಾಲಿನ ಹಿಮ್ಮಡಿ ಎತ್ತುತ್ತಾನೆ, ಹದಿನಾರು ವಿಡಿಯೋ ನೋಡಿ ಹಿಡಿದೆ ಅಂದ, ನಾನು ಭೇಷ್ ಅಂದೆ, ನನ್ನ ಪಾಲಿನ ಖರ್ಜೂರದಲ್ಲಿ ಎರಡು ಕೊಟ್ಟೆ, ಗುರುತು ಹಿಂದಿನ ದಿನವೇ ಹಾಕಿಯಾಗಿತ್ತು, ಎರಡು, ತೆರೆದು ತಿದ್ದಲು ಎಷ್ಟು ಹೊತ್ತು, ತಿದ್ದಲಿಲ್ಲ, ಮುಂದಿನ ಎದುರಾಳಿಗಳ ವಿಡಿಯೋ ಬಂದಿತ್ತು — ಎರಡು, ನನ್ನ ತೋರುಬೆರಳು, ಎರಡು, ಮೂರು ವರ್ಷ, ಸಾವಿರ ಪಾಸ್, ಗುರುದತ್ತನಿಗೆ ಉಪ್ಪಿನ ಮಾತು ಹೇಳಿದವಳ ಬೆರಳು, ಲಿಂಗರಾಜಪ್ಪ ಮೇಷ್ಟ್ರ ಬೆರಳು, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನದನ್ನು ಸುಡಲು ಯಾರೂ ಬರಲೇ ಇಲ್ಲ — ಹೇಳು, ಈಗ ಹೇಳು, ಜೂಲಿಯ ಪೆನ್ನು ಕಾಗದಕ್ಕೆ ತಾಗುವ ಮೊದಲು ಹೇಳು, ಮರ್ರೆ ಒಂದು ನಿಮಿಷ ಅಂದೆ, ಧ್ವನಿ ನನ್ನದೇ, ಆ ಗುರುತು ಹಾಕಿದವಳು ನಾನು, ತಪ್ಪು ಹಾಕಿದ್ದೇನೆ, ಎರಡೂ ಓದಿ ಕೊಟ್ಟ ಪಾಸುಗಳೇ, ಆಟಗಾರ ಬೇರೆಯಾದಾಗ ನನ್ನ ಬೆರಳೂ ಬೇರೆಯಾಗಿದೆ, ಎಲ್ಲವನ್ನೂ ಮತ್ತೆ ನೋಡಬೇಕು, ನಾಲ್ಕನೇ ಪುಟ ನೋಡಿ, ಯಂತ್ರ ಎಣಿಸಿದ ಗಂಟೆಗಳಿವೆ, ಅವು ನನ್ನವಲ್ಲ — ಮರ್ರೆ ದೀಪ ಹಾಕಿದ, ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಬಡಿದಾಡಬಹುದಿತ್ತು, ಒಪ್ಕೊಂಡ್ಯಲ್ಲ ಕ್ಯಾಟ್, ದೊಡ್ ಮನಸು ನಿಂದು ಅಂದ, ನಿಜವಾಗಿಯೂ ಮೆಚ್ಚಿಕೊಂಡ, ವರದಿಯನ್ನು ಮುಚ್ಚಿದ, ನಾಲ್ಕನೇ ಪುಟ ಸಮೇತ, ಎರಡನೇ ಪುಟ ತಪ್ಪಾದ್ಮೇಲೆ ನಾಲ್ಕನೇದನ್ನ ಹೆಂಗಮ್ಮ ನಂಬೋದು, ಲೆಕ್ಕ ಬದಿಗಿರ್ಲಿ, ಮೂವತ್ತು ವರ್ಷ ಆಟ ನೋಡಿದೀನಿ, ನನ್ ಹೊಟ್ಟೆಗೆ ಗೊತ್ತಾಗುತ್ತೆ ಅಂದ, ಹೊಟ್ಟೆಗೆ, ಅಂದರೆ ಹುಟ್ಟುಗುಣಕ್ಕೆ, ಸೆಮಿಸಿಯಲ್ಲಿ ಇದ್ದರೆ ಸಾಲದ್ದು ಮರ್ರೆಯಲ್ಲಿ ಇದ್ದರೆ ತೀರ್ಪು, ಯಂತ್ರದ ಗಂಟೆ ಮರ್ರೆ, ಯಂತ್ರದ್ದು, ಅಂದೆ, ಎರಡು ಸಲ ಅಂದೆ, ಮೂರನೇ ಸಲ ಮೇಜು ಬಡಿದೆ, ಚಹಾ ಚೆಲ್ಲಿತು, ಜೂಲಿ ಕಾಗದವನ್ನು ತೇವದಿಂದ ಆಚೆ ಸರಿಸಿ, ಎಷ್ಟು ದುಡೀತೀಯ ಕ್ಯಾಟ್ ನೀನು, ನಿಮ್ಮ ಜನರೇ ಹಾಗೆ, ಸ್ವಲ್ಪ ರಜಾ ತಗೋ ಅಂದಳು, ಕರುಣೆಯಿಂದ, ಅವಳ ಪೆನ್ನು ಚಲಿಸುತ್ತಿದೆ, ನಾನು ನನ್ನ ಬೆರಳನ್ನು ನೋಡುತ್ತಿದ್ದೇನೆ, ಉಗುರಿನ ಪಕ್ಕ ಚಹಾ, ಬೆರಳು, ಎರಡು, ಬೆರಳು —

ಹತ್ತನೇ ನಂಬರು ಆಂಗಸ್‌ಗೆ ಹೋಯಿತು, ಎರಡು ವರ್ಷಕ್ಕೆ. ಸೆಮಿಸಿಗೆ ಕರಾರು ಕೊಡಲಿಲ್ಲ.