ಸೇತುವೆಯ ದೃಶ್ಯ

ಅವಳಿಗೆ ಸೆನ್ಸಾರಕ್ಕ ಅಂತ ಹೆಸರಿಟ್ಟವನು ತಂಗಿಯ ಗಂಡ. ಸಿನಿಮಾ ಮುಗಿದು ಟಾಕೀಸಿನ ಮೆಟ್ಟಿಲು ಇಳಿಯುವುದರೊಳಗೆ ಅವಳ ತೀರ್ಪು ಹೊರಬಿದ್ದಿರುತ್ತಿತ್ತು. ಯುದ್ಧದ ಸಿನಿಮಾ ಆದರಂತೂ ಮುಗಿದೇ ಹೋಯಿತು, ಒಳಗೆ ಕೂತಾಗಲೇ ಶುರು.

"ನೋಡೇ, ವಾರದಿಂದ ನೆಲಮಾಳಿಗೇಲಿ ಅಡಗಿದಾಳಂತೆ. ಆ ಕೂದಲು ನೋಡು, ಈಗ ತಾನೇ ಪಾರ್ಲರಿಂದ ಎದ್ದು ಬಂದಂಗಿದೆ."

ಪಕ್ಕದಲ್ಲಿ ತಂಗಿ ಕರವಸ್ತ್ರ ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಒಮ್ಮೆ ಗುಂಡು ತಗುಲಿದ ಸಿಪಾಯಿ ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ದೇಶದ ಬಗ್ಗೆ ಉದ್ದಕ್ಕೆ ಭಾಷಣ ಬಿಗಿಯುತ್ತಿದ್ದ. ಮುಂದಿನ ಸಾಲಿನವನು ತಿರುಗಿ, "ಅಮ್ಮಾ, ಸ್ವಲ್ಪ ಸುಮ್ನಿರ್ತೀರಾ?" ಎಂದ.

"ನಾನು ಸುಮ್ನಿರ್ತೀನಪ್ಪಾ. ಅವನಿಗೆ ಬೇಗ ಸಾಯಕ್ಕೆ ಹೇಳು."

ಸುತ್ತಲಿನ ನಾಲ್ಕು ಸಾಲು ಗೊಳ್ಳೆಂದಿತು.

ಅವಳ ಮಾತಿಗೆ ಆಧಾರವಿಲ್ಲದೆ ಇರಲಿಲ್ಲ. ಅಕ್ಕ ತಂಗಿ ಇಬ್ಬರೂ ಚಿಕ್ಕವರಿದ್ದಾಗ ಅವರ ಊರಿಗೇ ಯುದ್ಧ ಬಂದಿತ್ತು. ಸಿನಿಮಾದಲ್ಲಿ ಯುದ್ಧ ಬಂದ ಊರೆಲ್ಲ ಬೂದಿಬಣ್ಣ, ಮೋಡ, ಮಂಜು. ಅವರು ಮನೆ ಬಿಟ್ಟ ದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿತ್ತು. ಎದುರುಮನೆಯ ಕಾಂಪೌಂಡಿನ ಮೇಲೆ ಬಳ್ಳಿ ತುಂಬ ಕೆಂಪು ಹೂವು. ಸಿನಿಮಾದ ವೈರಿಗೆ ಕೆನ್ನೆಯ ಮೇಲೊಂದು ಗಾಯದ ಗುರುತು ಇರಲೇಬೇಕು, ಕಣ್ಣು ಕೆಂಡ ಕಾರಲೇಬೇಕು. ಅವರ ಮನೆಯೊಳಗೆ ಬಂದವನಿಗೆ ಮುಖದ ತುಂಬ ಮೊಡವೆ ಇತ್ತು. ಮೊದಲು ನೀರು ಕೇಳಿದ. ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿದ. ಆಮೇಲೆ ಅಪ್ಪನನ್ನು ಕರೆದುಕೊಂಡು ಹೋದ.

"ಅದನ್ನ ಯಾಕೆ ಯಾರೂ ತೋರ್ಸಲ್ಲ?" ಎಂದು ಅವಳು ಪ್ರತಿ ಸಲವೂ ಕೇಳುತ್ತಿದ್ದಳು.

"ಸಿನಿಮಾ ಅಲ್ವೇನಕ್ಕಾ, ಬಿಡು," ಎನ್ನುತ್ತಿದ್ದಳು ತಂಗಿ. ಆದರೆ ಭಾನುವಾರದ ಮ್ಯಾಟಿನಿಗೆ ಒಂದು ದಿನವೂ ಒಲ್ಲೆ ಎಂದವಳಲ್ಲ.

ಸೆನ್ಸಾರಕ್ಕನದು ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿ. ಒಂದು ಮಧ್ಯಾಹ್ನ ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದ ಹುಡುಗಿಯೊಬ್ಬಳು ಬಂದು, ಹಳೇ ಕಾಲದ ಮಕ್ಕಳ ಫ್ರಾಕು, ಕೋಟು ಹೊಲಿದುಕೊಡಬೇಕೆಂದಳು. ಸಿನಿಮಾಕ್ಕೆ. ಕತೆ ಯುದ್ಧದ್ದು, ನಿರ್ದೇಶಕಿ ತಾನೇ ಎಂದಳು.

"ಹೊಲಿದು ಕೊಡ್ತೀನಿ. ಆದ್ರೆ ಹೊಸದಾಗಿ ಹೊಳೀತಾ ಇರೋ ಬಟ್ಟೆ ಹಾಕ್ಸಿ ಮಕ್ಕಳನ್ನ ಓಡಿಸ್ಬೇಡ ತಾಯಿ," ಎಂದು ಸೆನ್ಸಾರಕ್ಕ ಶುರುಮಾಡಿದಳು. "ಓಡಿಹೋಗೋರು ಒಂದರ ಮೇಲೊಂದು ಮೂರು ಅಂಗಿ ತೊಟ್ಕೊಂಡಿರ್ತಾರೆ. ಚೀಲದಲ್ಲಿ ಜಾಗ ಇರಲ್ವಲ್ಲ. ಬೆವತು ಸಾಯ್ತಿರ್ತಾರೆ."

ಹುಡುಗಿ ಸ್ಟೂಲು ಎಳೆದುಕೊಂಡು ಕೂತಳು. "ಇನ್ನೂ ಹೇಳಿ ಆಂಟಿ," ಎಂದಳು.

ಅಳತೆ, ಟ್ರಯಲ್ಲು, ಗುಂಡಿ ಎಂದು ನೆವ ಮಾಡಿಕೊಂಡು ಹುಡುಗಿ ಮತ್ತೆ ಮತ್ತೆ ಬಂದಳು. ಚಹಾ ತರಿಸಿಕೊಂಡು ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಇಷ್ಟು ಕಾಲ ಟಾಕೀಸಿನ ಕತ್ತಲಲ್ಲಿ ಗೊಣಗಿದ್ದಕ್ಕೆ ಮೊದಲ ಸಲ ಯಾರೋ ತಲೆದೂಗುತ್ತಿದ್ದರು. ಸೆನ್ಸಾರಕ್ಕ ಉಬ್ಬಿಹೋದಳು. ಮೊಡವೆಯ ಸಿಪಾಯಿಯನ್ನು ಕೊಟ್ಟಳು, ನೀಲಿ ಆಕಾಶವನ್ನು ಕೊಟ್ಟಳು. ಕೊನೆಗೆ, ಯಾರೂ ಕೇಳದೆಯೇ, ಸೇತುವೆಯನ್ನೂ ಕೊಟ್ಟುಬಿಟ್ಟಳು.

ಊರು ಬಿಟ್ಟ ದಿನ ಅಮ್ಮ ಹೊಲಿಗೆ ಯಂತ್ರದ ತಲೆಯನ್ನು ಎತ್ತಿಕೊಂಡು, ದೊಡ್ಡವಳ ಕೈ ಹಿಡಿದು ಮುಂದೆ ನಡೆದಿದ್ದಳು. ತಂಗಿಗೆ ಅಜ್ಜಿಯ ಕೈ. "ಏನಾದ್ರೂ ಆಗ್ಲಿ, ಬಿಡಬೇಡ," ಎಂದು ಅಮ್ಮ ಹೇಳಿದ್ದಳು. ಅಜ್ಜಿಗೆ ಸೊಂಟ ಹಿಡಿದಿತ್ತು. ಸೇತುವೆಯ ಮೇಲೆ ಜನ ನೂಕುನುಗ್ಗಲು. ಆರು ವರ್ಷದ ಮಗುವಿಗೆ ಸಿಟ್ಟು ನೆತ್ತಿಗೇರಿತು. "ನೀನು ಎಷ್ಟು ನಿಧಾನ! ನಾನು ಅಮ್ಮನ ಹತ್ರ ಹೋಗ್ತೀನಿ," ಎಂದು ಕೈ ಕೊಸರಿಕೊಂಡು ಓಡಿತು. ಸ್ವಲ್ಪ ಹೊತ್ತಿಗೆ ಸಿಪಾಯಿಗಳು ಸೇತುವೆ ಮುಚ್ಚಿದರು. ಅಜ್ಜಿ ಆ ಕಡೆಯೇ ಉಳಿದಳು. ಆಮೇಲೆ ಸಿಗಲಿಲ್ಲ.

ಗದ್ದಲದಲ್ಲಿ ಕೈ ತಪ್ಪಿತು ಎಂದೇ ಅಮ್ಮ ಸಾಯುವವರೆಗೂ ನಂಬಿದ್ದಳು. ನಿಜ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ನಿರಾಶ್ರಿತರ ಶಿಬಿರದಲ್ಲಿ ಒಂದೇ ಕಂಬಳಿಯೊಳಗೆ ಮಲಗಿದ್ದಾಗ ತಂಗಿ ಅವಳ ಕಿವಿಯಲ್ಲಿ ಹೇಳಿದ್ದಳು. ಆಮೇಲೆ ಇಬ್ಬರೂ ಅದನ್ನು ಬಾಯಿಗೆ ತಂದಿರಲಿಲ್ಲ.

ಹುಡುಗಿ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಇದನ್ನ ಸಿನಿಮಾದಲ್ಲಿ ತಗೋಬಹುದಾ ಆಂಟಿ?"

ಸೆನ್ಸಾರಕ್ಕ ಕತ್ತರಿ ಕೆಳಗಿಟ್ಟಳು. ಒಂದು ಗಳಿಗೆ ತಂಗಿಯ ನೆನಪಾಗಿದ್ದು ನಿಜ. ಹೆಸರು ಹಾಕುವುದಿಲ್ಲವಲ್ಲ, ಯಾರಿಗೆ ಗೊತ್ತಾಗಬೇಕು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ತೋರ್ಸೋದಾದ್ರೆ ಸರಿಯಾಗಿ ತೋರ್ಸು," ಎಂದಳು.

ಸಿನಿಮಾ ತೆರೆಕಂಡ ದಿನ ತಂಗಿಯನ್ನೂ ಅವಳ ಗಂಡನನ್ನೂ ಜೊತೆಗೆ ಕರೆದೊಯ್ದಳು. "ಅಂತೂ ಸೆನ್ಸಾರಕ್ಕ ಪಾಸ್ ಮಾಡಿದ ಸಿನಿಮಾ ಬಂತಪ್ಪಾ," ಎಂದು ತಂಗಿಯ ಗಂಡ ಟಿಕೆಟ್ ಹರಿಯುವವನಿಗೂ ಸಾರಿದ.

ಪರದೆಯ ಮೇಲೆ ಆಕಾಶ ನೀಲಿಯಾಗಿತ್ತು. ಮಕ್ಕಳು ಮೂರು ಮೂರು ಅಂಗಿಯೊಳಗೆ ಬೆವರುತ್ತಿದ್ದರು. ಸೆನ್ಸಾರಕ್ಕ ತಂಗಿಯ ಮೊಣಕೈ ತಿವಿದು, "ನೋಡೇ, ಹಿಂಗೇ ಅಲ್ವಾ?" ಎಂದು ಪಿಸುಗುಟ್ಟುತ್ತಲೇ ಇದ್ದಳು. ಸಿಪಾಯಿ ಲೋಟ ತೊಳೆದಾಗ ತಂಗಿ ನಗಲಿಲ್ಲ. ಕರವಸ್ತ್ರ ಮಡಿಲಲ್ಲೇ ಇತ್ತು.

ಆಮೇಲೆ ಸೇತುವೆ ಬಂತು. ಸೊಂಟ ಬಗ್ಗಿದ ಮುದುಕಿ, ಅವಳ ಕೈ ಹಿಡಿದ ಪುಟ್ಟ ಹುಡುಗಿ. "ನೀನು ಎಷ್ಟು ನಿಧಾನ!"

ಸೆನ್ಸಾರಕ್ಕ ತಿವಿಯಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹೇಳಿದ್ದು ತಾನೇ, ಬರುತ್ತದೆಂದು ಗೊತ್ತಿದ್ದದ್ದೂ ತನಗೇ. ಆದರೆ ಚಹಾ ಕುಡಿಯುತ್ತ ಹೇಳಿದ ಮಾತು ಇಷ್ಟು ದೊಡ್ಡದಾಗಿ, ಇಷ್ಟು ಜನರ ಮುಂದೆ ಮೈತಳೆದು ನಿಲ್ಲುತ್ತದೆಂದು ಅವಳು ಎಣಿಸಿರಲಿಲ್ಲ. ತಂಗಿಯ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಾಕೆ, "ಅಯ್ಯೋ, ಎಂಥಾ ಮಗುವಪ್ಪಾ ಇದು," ಎಂದಳು. ತಂಗಿ ಎದ್ದು ಹೋಗಲಿಲ್ಲ. ಕೊನೆಯವರೆಗೂ ಕೂತಿದ್ದಳು.

ತಂಗಿಯ ಗಂಡ ಸ್ಕೂಟರು ತರಲು ಹೋದಾಗ ಇಬ್ಬರೇ ಫುಟ್‌ಪಾತಿನ ಮೇಲೆ ನಿಂತರು.

"ಎಲ್ಲಾ ಸರಿಯಾಗಿತ್ತು ಅಕ್ಕಾ," ಎಂದಳು ತಂಗಿ. "ಒಂದು ತಪ್ಪು ಹುಡುಕಕ್ಕಾಗಲ್ಲ."

"ಹೆಸರು ಹೇಳಿಲ್ಲ ಕಣೇ. ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಯ್ತಲ್ಲ."

ಸೆನ್ಸಾರಕ್ಕ ಸ್ಕೂಟರು ಬರುವ ದಾರಿಯ ಕಡೆ ನೋಡಿದಳು.

"ನಿನ್ ಜೊತೆ ಆ ಸಿನಿಮಾಗಳಿಗೆಲ್ಲ ಯಾಕೆ ಬರ್ತಿದ್ದೆ ಗೊತ್ತಾ?" ತಂಗಿಯ ದನಿ ಏರಲಿಲ್ಲ. "ಅವೆಲ್ಲ ಸುಳ್ಳು ಅಂತಾನೇ ಬರ್ತಿದ್ದೆ. ಅಲ್ಲಿ ನಮ್ಮೂರು ಇರ್ತಿರಲಿಲ್ಲ. ನೀನು ಬೈತಿದ್ದೆ, ನಾನು ನಗ್ತಿದ್ದೆ. ಯುದ್ಧ ನೋಡ್ಕೊಂಡು ನಗೋಕಾಗ್ತಿದ್ದಿದ್ದು ನಂಗೆ ಅಲ್ಲೊಂದೇ ಕಡೆ."

ಸ್ಕೂಟರು ಬಂತು. ತಂಗಿ ಹತ್ತಿ ಕೂತಳು. ಅವಳ ಗಂಡ ಕಣ್ಣೊರೆಸಿಕೊಂಡು, "ಆ ಹುಡುಗಿ ಪಾತ್ರ ಮಾತ್ರ ಕರುಳು ಕಿತ್ತು ಬರೋಹಂಗಿತ್ತು ಅಕ್ಕಾ," ಎಂದ. ಪಾಪ, ಅವನಿಗೇನು ಗೊತ್ತು.

ಮರುದಿನವೇ ಸೆನ್ಸಾರಕ್ಕ ನಿರ್ದೇಶಕಿಯನ್ನು ಹುಡುಕಿಕೊಂಡು ಹೋಗಿ, ಸೇತುವೆಯ ಭಾಗವನ್ನು ಕತ್ತರಿಸಿಬಿಡು ಎಂದು ಅಂಗಲಾಚಿದಳು. ಹುಡುಗಿ ಅವಳ ಕೈ ಹಿಡಿದುಕೊಂಡಳು. ತಮ್ಮ ಕತೆಯೂ ಇದೇ ಎಂದು ಎಷ್ಟೋ ಜನ ಫೋನು ಮಾಡಿ ಅಳುತ್ತಿದ್ದಾರೆ, ಅದೇ ಸಿನಿಮಾದ ಜೀವ ಎಂದಳು. "ನೀವೇ ಅಲ್ವಾ ಆಂಟಿ, ಸರಿಯಾಗಿ ತೋರ್ಸು ಅಂದಿದ್ದು?" ಹಂಗಿಸಲೆಂದು ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಸೆನ್ಸಾರಕ್ಕ ಎದ್ದುಬಂದಳು.

ಮುಂದಿನ ಭಾನುವಾರ ತಂಗಿ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕೊನೆಗೆ ತಡೆಯಲಾರದೆ ಸೆನ್ಸಾರಕ್ಕ ತಂಗಿ ಕೆಲಸ ಮಾಡುವ ಕನ್ನಡಕದಂಗಡಿಗೇ ಹೋದಳು. ಹಿಂದಿನ ಕೋಣೆಯಲ್ಲಿ ತಂಗಿ ಏಪ್ರನ್ ಕಟ್ಟಿಕೊಂಡು ಗಾಜಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದಿದ್ದಳು. ಅಕ್ಕನನ್ನು ನೋಡಿ ಯಂತ್ರ ಆರಿಸಿದಳು.

"ಹೇಳದೆ ಕೇಳದೆ ಮಾಡಿಬಿಟ್ಟೆ ಕಣೇ. ನಂದು ತಪ್ಪಾಯ್ತು."

"ಆಗಿದ್ದಾಯ್ತು ಬಿಡಕ್ಕಾ." ತಂಗಿ ಕೈ ಒರೆಸಿಕೊಂಡಳು. "ಇನ್ನೇನೇನು ಹೇಳಿದ್ದೀಯ ಅವಳಿಗೆ?" ಎಂದು ಕೇಳಿದಳು.

"ಇನ್ನೇನೂ ಇಲ್ಲ. ನಿನ್ನಾಣೆ."

ಅದು ನಿಜವೇ. ಆದರೆ ನಂಬಬೇಕೋ ಬೇಡವೋ ಎಂದು ತಂಗಿ ಯೋಚಿಸುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಆ ಮುಖವನ್ನು ನೋಡಿದವಳು ಸೆನ್ಸಾರಕ್ಕ. ಅದು ತನ್ನೆದುರು ಹಾಗೆ ಯೋಚಿಸಿದ್ದನ್ನು ಹಿಂದೆಂದೂ ಕಂಡಿರಲಿಲ್ಲ.

ಮಾತೇನೂ ನಿಂತುಹೋಗಲಿಲ್ಲ. ತಂಗಿ ಫೋನು ಮಾಡುತ್ತಾಳೆ, ಮನೆಗೂ ಬರುತ್ತಾಳೆ, ಊಟ ಮಾಡಿಕೊಂಡು ಹೋಗುತ್ತಾಳೆ. ಆದರೆ ತಂಗಿಯ ಮಗಳು ಮದುವೆಯ ಸಂಬಂಧ ಒಪ್ಪಿದ್ದು ಸೆನ್ಸಾರಕ್ಕನಿಗೆ ತಿಳಿದದ್ದು ಪಕ್ಕದ ಮನೆಯವರಿಂದ. ತಂಗಿ ಆಪರೇಷನ್ ಮಾಡಿಸಿಕೊಂಡದ್ದು ಗೊತ್ತಾದದ್ದು ಅವಳು ಆಸ್ಪತ್ರೆಯಿಂದ ಮನೆಗೆ ಬಂದಮೇಲೆ. ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಏನಿತ್ತು ಹೇಳೋಕೆ, ಸಣ್ಣದು," ಎನ್ನುತ್ತಾಳೆ. ಎದುರಿಗೆ ಕೂತು ಮಾತಾಡುವಾಗಲೂ ಒಂದೊಂದು ಮಾತನ್ನು ಅಳೆದು ಸುರಿದು ಆಡುತ್ತಾಳೆ, ಬೇರೆಯವರ ಮನೆಯಲ್ಲಿ ಕೂತವರ ಹಾಗೆ.